ಆಕ್ರೋಯೋಗ: ಚರಿತ್ರೆ

ಆಕ್ರೋಯೋಗವು ಯೋಗಾಸನ, ಸರ್ಕಸ್ಸಿನ ಕಸರತ್ತು ಮತ್ತು ಅಂಗಮರ್ದನಗಳು ಬೆರೆತ ಜೋಡಿ ಸಾಧನೆ. ನೆಲದ ಮೇಲೆ ಅಂಗಾತ ಮಲಗಿ ಭಾರ ಹೊರುವವರನ್ನು ಬೇಸ್ ಎಂದೂ, ಅವರ ಅಂಗಾಲು ಅಥವಾ ಅಂಗೈಗಳ ಮೇಲೆ ಏರುವವರನ್ನು ಫ್ಲೈಯರ್ ಎಂದೂ, ಪಕ್ಕದಲ್ಲಿ ನಿಂತು ಕಾಯುವವರನ್ನು ಸ್ಪಾಟರ್ ಎಂದೂ ಕರೆಯುತ್ತಾರೆ.

ಇದರ ಬೇರು ಮೈಸೂರಿನಲ್ಲಿದೆ ಎಂಬ ಮಾತು ಹಲವು ಬರಹಗಳಲ್ಲಿ ಮರುಕಳಿಸುತ್ತದೆ. ಅದಕ್ಕೆ ಆಧಾರ 1938ರ ಒಂದು ಚಲನಚಿತ್ರ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು ಅದರಲ್ಲಿ ಮಗುವೊಂದನ್ನು ಜೊತೆಗಿಟ್ಟುಕೊಂಡು ಆಸನ ಪ್ರದರ್ಶಿಸುತ್ತಾರೆ. ಇಷ್ಟನ್ನೇ ಹಿಡಿದು ಪರಂಪರೆ ಕಟ್ಟುವುದು ಕಷ್ಟ. 1934ರಲ್ಲಿ ಕನ್ನಡದಲ್ಲೇ ಪ್ರಕಟವಾದ ಅವರ ‘ಯೋಗ ಮಕರಂದ’ ಒಬ್ಬೊಬ್ಬರೇ ಮಾಡುವ ಆಸನಗಳ ಕೈಪಿಡಿ. ಅಲ್ಲದೆ, ಮೈಸೂರಿನ ಆಸನಪದ್ಧತಿಯೇ ಗರಡಿಮನೆ ಮತ್ತು ಜಿಮ್ನಾಸ್ಟಿಕ್ಸ್‌ನಿಂದ ಸಾಕಷ್ಟು ಎರವಲು ಪಡೆದಿದೆ ಎಂದು ಎನ್.ಇ. ಸ್ಯೋಮನ್ 1996ರಲ್ಲಿ ವಾದಿಸಿದರು. ಆ ವಾದ ಒಪ್ಪಿದರೆ ಮೈಸೂರು ಮೂಲವಾಗದೆ, ಅದೇ ಹೊಳೆಯ ಇನ್ನೊಂದು ಕವಲಾಗುತ್ತದೆ.

ಸರ್ಕಸ್ ಡೇರೆಯ ವಿದ್ಯೆ ಬಯಲಿಗೆ ಬಂದದ್ದಕ್ಕೆ ಗಟ್ಟಿ ದಾಖಲೆ ಇರುವುದು ಕ್ಯಾಲಿಫೋರ್ನಿಯದ ಸಾಂಟಾ ಮೋನಿಕದಲ್ಲಿ. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಅಲ್ಲಿನ ಕಡಲತೀರದಲ್ಲಿ ವ್ಯಾಯಾಮದ ಸಲಕರಣೆಗಳು ಬಂದವು. ಸರ್ಕಸ್ಸಿನವರು, ಸಿನಿಮಾ ಸಾಹಸಿಗರು, ಶಾಲಾ ಹುಡುಗರು ಒಂದೇ ಮರಳಿನ ಮೇಲೆ ಕಲಿತರು. ಆ ಜಾಗಕ್ಕೆ ಮಸಲ್ ಬೀಚ್ ಎಂಬ ಹೆಸರು ಬಿತ್ತು. ‘ಪಡ್ಜಿ’ ಎಂದೇ ಹೆಸರಾದ ಅಬೈ ಸ್ಟಾಕ್ಟನ್ ಅಲ್ಲಿ ಕೆಳಗೆ ನಿಂತು, ತನಗಿಂತ ಭಾರದ ಗಂಡ ಲೆಸ್ ಅವರನ್ನು ಅಂಗೈ ಮೇಲೆ ತಲೆಕೆಳಗಾಗಿ ನಿಲ್ಲಿಸುತ್ತಿದ್ದರು. ಹೊರುವವನು ಗಂಡಸು, ಏರುವವಳು ಹೆಂಗಸು ಎಂಬ ಕಟ್ಟಳೆ ಅಲ್ಲಿ ಸಡಿಲವಾಯಿತು. 1950ರ ದಶಕದ ಕೊನೆಗೆ ನಗರಾಡಳಿತ ಅದನ್ನು ಮುಚ್ಚಿಸಿತು.

ಸ್ಪರ್ಧೆಯ ದಾರಿ ಬೇರೆ. ಇದೇ ಕಸರತ್ತಿನ ಸ್ಪರ್ಧಾ ರೂಪವಾದ ಅಕ್ರೋಬಾಟಿಕ್ಸ್‌ಗೆ 1973ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಮರುವರ್ಷ ಮಾಸ್ಕೋದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಆಕ್ರೋಯೋಗದ ಜನಕರು ಯಾರು ಎಂಬುದಕ್ಕೆ ಎರಡು ಉತ್ತರಗಳಿವೆ. ಜೆಸ್ಸಿ ಗೋಲ್ಡ್‌ಬರ್ಗ್ ಮತ್ತು ಯೂಜೀನ್ ಪೋಕು 2000ದ ಆಸುಪಾಸಿನಲ್ಲಿ ಕೆನಡದ ಮಾಂಟ್ರಿಯಲ್‌ನಲ್ಲಿ ನೃತ್ಯ, ಯೋಗ, ಕಸರತ್ತು ಕೂಡಿಸಿ ಈ ಹೆಸರಿನಲ್ಲೇ ಕಲಿಸತೊಡಗಿದರು. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೇಸನ್ ನೇಮರ್ ಮತ್ತು ಜೆನ್ನಿ ಸಾವರ್-ಕ್ಲೈನ್ ಇನ್ನೊಂದು ಪದ್ಧತಿ ಆರಂಭಿಸಿ, ಶಿಕ್ಷಕರ ತರಬೇತಿಯ ಮೂಲಕ ಹಲವು ದೇಶಗಳಿಗೆ ಹಬ್ಬಿಸಿದರು. ಮೊದಲಿಗರು ಮಾಂಟ್ರಿಯಲ್‌ನವರು, ಹರಡಿದವರು ಸ್ಯಾನ್ ಫ್ರಾನ್ಸಿಸ್ಕೊದವರು ಎಂದರೆ ಇಬ್ಬರಿಗೂ ಅನ್ಯಾಯವಾಗದು.

ಆದರೆ ಹೆಸರಿನ ಜಗಳಕ್ಕಿಂತ ದೊಡ್ಡ ತಿರುವು ಮೂರನೆಯ ವ್ಯಕ್ತಿಯಾದ ಸ್ಪಾಟರ್‌ನದು. ನೇಮರ್ ಸ್ಪರ್ಧಾ ಅಕ್ರೋಬಾಟಿಕ್ಸ್‌ನಿಂದ ಬಂದವರು. ಜಿಮ್ನಾಸ್ಟಿಕ್ಸ್ ಅಂಕಣದಲ್ಲಿ ತರಬೇತುದಾರ ಮಾಡುತ್ತಿದ್ದ ಕಾವಲು ಕೆಲಸವನ್ನು ಹೊಸ ಪದ್ಧತಿಯಲ್ಲಿ ಕಲಿಯುವವರೇ ಸರದಿಯಂತೆ ಮಾಡಿದರು. ‘ಹಕ್ಕಿ’ ಎಂಬ ಮೊದಲ ಪಾಠದಲ್ಲೇ ಇದು ಕಾಣುತ್ತದೆ. ಬೇಸ್ ಪಾದಗಳನ್ನು ಫ್ಲೈಯರ್‌ನ ಸೊಂಟದ ಮೂಳೆಗೆ ತಾಗಿಸಿ ಕಾಲು ನೆಟ್ಟಗೆ ಮಾಡಬೇಕು. ಮೊಣಕಾಲು ಬಾಗಿದರೆ ಭಾರವೆಲ್ಲ ತೊಡೆಯ ಸ್ನಾಯುವಿಗೆ ಬೀಳುತ್ತದೆ, ಕಾಲು ನೇರವಿದ್ದರೆ ಮೂಳೆಯೇ ಹೊರುತ್ತದೆ. ಸ್ಪಾಟರ್ ನೋಡುತ್ತ ನಿಲ್ಲುವವರಲ್ಲ. ಬೀಳುವವರನ್ನು ಪೂರಾ ಎತ್ತಿ ಹಿಡಿಯುವುದೂ ಅವರ ಕೆಲಸವಲ್ಲ; ತಲೆ, ಕುತ್ತಿಗೆ ನೆಲಕ್ಕೆ ಬಡಿಯದಂತೆ ಬೀಳುವ ವೇಗ ತಗ್ಗಿಸಿ ಕಾಲು ಮೊದಲು ಊರುವಂತೆ ಮಾಡಿದರೆ ಸಾಕು. ಮೂವರಲ್ಲಿ ಯಾರೇ ‘ಡೌನ್’ ಎಂದರೂ ಕಾರಣ ಕೇಳದೆ ಇಳಿಸಬೇಕು. ಅನುಭವಿಗಳಿಗೂ ಇದರಲ್ಲಿ ವಿನಾಯಿತಿ ಇಲ್ಲ.

ಇಂದು ಸ್ಪರ್ಧಾ ಅಕ್ರೋಬಾಟಿಕ್ಸ್ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟದ ಅಧೀನದಲ್ಲಿದೆ. ಆಕ್ರೋಯೋಗಕ್ಕೆ ಅಂಥ ಆಡಳಿತ ಸಂಸ್ಥೆ ಇಲ್ಲ. ಪ್ರಮಾಣಪತ್ರ ಕೊಡುವವು ಖಾಸಗಿ ಶಾಲೆಗಳು, ಪಾರ್ಕಿನ ಕೂಟಗಳಿಗೆ ಅದೂ ಕಡ್ಡಾಯವಲ್ಲ.