ಗಣಕ ಅಕ್ಷರಜೋಡಣೆಯ ದೋಷಪಟ್ಟಿ: ಟೆಕ್ ತಂತ್ರಾಂಶದ ಚರಿತ್ರೆ ಮತ್ತು ಕನ್ನಡದ ಅನುಭವ

1

ಪ್ರಾಚೀನ ಕನ್ನಡ ಕೃತಿಗಳನ್ನು ಸಂಪಾದಿಸುವ ವಿದ್ವಾಂಸರು ಲಿಪಿಕಾರರ ತಪ್ಪುಗಳನ್ನು ತಿದ್ದುವುದಷ್ಟರಲ್ಲಿಯೇ ತೃಪ್ತರಾಗುವುದಿಲ್ಲ. ಅಕ್ಷರಲೋಪ, ಪುನರುಕ್ತಿ, ಸ್ಥಾನಪಲ್ಲಟ, ಸದೃಶಾಕ್ಷರಗಳಿಂದಾದ ಭ್ರಾಂತಿ ಎಂದು ಅವುಗಳನ್ನು ವಿಂಗಡಿಸುತ್ತಾರೆ. ಸಮಾನವಾದ ತಪ್ಪುಗಳ ಆಧಾರದಿಂದಲೇ ಒಂದು ಪ್ರತಿಗೂ ಮತ್ತೊಂದಕ್ಕೂ ಇರುವ ಸಂಬಂಧವನ್ನು ನಿರ್ಣಯಿಸುತ್ತಾರೆ. ಅಡಿಟಿಪ್ಪಣಿಯಲ್ಲಿ ಪಾಠಾಂತರಗಳನ್ನು ಕೊಡುವ ಪದ್ಧತಿಯ ಹಿಂದಿರುವ ತತ್ತ್ವವೂ ಇದೇ: ತಿದ್ದಿದ ತಪ್ಪನ್ನು ಅಳಿಸಿಹಾಕಬಾರದು, ದಾಖಲಿಸಬೇಕು. ಮೊಳೆಜೋಡಣೆಯ ಕಾಲದ ಗ್ರಂಥಗಳ ಕೊನೆಯಲ್ಲಿ ಬರುತ್ತಿದ್ದ ತಪ್ಪು-ಒಪ್ಪುಗಳ ಪಟ್ಟಿಯೂ ಇದೇ ಎಚ್ಚರದ ಮುಂದುವರಿಕೆಯಾಗಿತ್ತು.

ಗಣಕಯಂತ್ರದಿಂದ ಅಕ್ಷರಜೋಡಣೆ ಮಾಡುವ ಪದ್ಧತಿ ರೂಢಿಗೆ ಬಂದ ಮೇಲೆ ಈ ಎಚ್ಚರ ಏನಾಯಿತು? ಯಂತ್ರವೂ ಲಿಪಿಕಾರನಂತೆ ತಪ್ಪು ಮಾಡುತ್ತದೆ. ಆದರೆ ಆ ತಪ್ಪುಗಳನ್ನು ಬರೆದಿಟ್ಟವರು ವಿರಳ. ಹಾಗೆ ಬರೆದಿಟ್ಟ ಒಂದು ಪ್ರಸಿದ್ಧ ನಿದರ್ಶನವನ್ನೂ, ಬರೆದಿಡದೆ ಹೋದುದರಿಂದ ಕನ್ನಡಕ್ಕೆ ಒದಗಿದ ನಷ್ಟವನ್ನೂ ಜೊತೆಯಾಗಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ಬೃಹತ್ ಗ್ರಂಥಮಾಲೆಯ ಮೊದಲ ಮೂರು ಸಂಪುಟಗಳು 1968, 1969 ಮತ್ತು 1973ರಲ್ಲಿ ಪ್ರಕಟವಾದವು. ಗಣಿತಸೂತ್ರಗಳಿಂದ ತುಂಬಿದ್ದ ಈ ಸಂಪುಟಗಳನ್ನು ಮಾನೋಟೈಪ್ ಯಂತ್ರದ ಸೀಸದ ಅಚ್ಚಿನಲ್ಲಿ ಜೋಡಿಸಲಾಗಿತ್ತು. ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಯ ಹೊತ್ತಿಗೆ ಆ ತಂತ್ರ ಹಿಂದೆ ಸರಿದು, ಛಾಯಾಕ್ಷರಜೋಡಣೆ ಅದರ ಸ್ಥಾನವನ್ನು ಆಕ್ರಮಿಸಿತ್ತು. 1977ರ ಮಾರ್ಚ್ ತಿಂಗಳಲ್ಲಿ ಕೈಸೇರಿದ ಕರಡಚ್ಚು ಕ್ನೂತ್ ಅವರಿಗೆ ಹಿಡಿಸಲಿಲ್ಲ. ಮೊದಲಿನ ಅಚ್ಚಿನ ಅಂದ ಅದರಲ್ಲಿರಲಿಲ್ಲ. ಬಿಂದುಗಳಿಂದ ಅಕ್ಷರಗಳನ್ನು ಮೂಡಿಸುವ ಯಂತ್ರದ ಉತ್ತಮ ಮುದ್ರಣವನ್ನು ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಅವರು ನೋಡಿದ್ದರು. ಪುಟವೆಂದರೆ ಶೂನ್ಯ ಮತ್ತು ಒಂದುಗಳ ವಿನ್ಯಾಸವಷ್ಟೇ ಎಂದಾದರೆ, ಅದನ್ನು ಸುಂದರವಾಗಿ ರಚಿಸುವುದು ಗಣಕವಿಜ್ಞಾನಿಯ ಕೆಲಸವೇ ಆಗುತ್ತದೆ ಎಂಬುದು ಅವರ ತರ್ಕವಾಗಿತ್ತು.

ಅದೇ ವರ್ಷದ ಮೇ ತಿಂಗಳಲ್ಲಿ ಹೊಸ ತಂತ್ರಾಂಶದ ಕರಡು ಯೋಜನೆ ಸಿದ್ಧವಾಯಿತು. ಕಲೆ ಮತ್ತು ಕೌಶಲ ಎರಡನ್ನೂ ಸೂಚಿಸುವ ಗ್ರೀಕ್ ಪದವೊಂದರ ಮೊದಲ ಮೂರು ಅಕ್ಷರಗಳಿಂದ ಅದಕ್ಕೆ ಟೆಕ್ ಎಂದು ಹೆಸರಿಡಲಾಯಿತು. ಮೈಕೆಲ್ ಪ್ಲಾಸ್ ಮತ್ತು ಫ್ರಾಂಕ್ ಲಿಯಾಂಗ್ ಎಂಬ ಇಬ್ಬರು ವಿದ್ಯಾರ್ಥಿಗಳು ಆ ಬೇಸಗೆಯಲ್ಲಿ ಮೊದಲ ಮಾದರಿಯನ್ನು ರಚಿಸಿದರು. ಬಳಿಕ ಕ್ನೂತ್ ಇಡೀ ಕ್ರಮವಿಧಿಯನ್ನು ತಾವೇ ಮೊದಲು ಕೈಯಲ್ಲಿ ಬರೆದು, ಆಮೇಲೆ ಯಂತ್ರಕ್ಕೆ ಊಡಿದರು. ಒಂದು ವರ್ಷದೊಳಗೆ ಮುಗಿದೀತೆಂದು ಭಾವಿಸಿದ್ದ ಈ ಕೆಲಸ ಸುಮಾರು ಹತ್ತು ವರ್ಷಗಳನ್ನು ತೆಗೆದುಕೊಂಡಿತು.

3

ಈ ಹತ್ತು ವರ್ಷಗಳ ಕುರಿತು ನಮಗೆ ದೊರೆಯುವ ಆಕರವೇ ವಿಶಿಷ್ಟವಾದುದು. 1978ರ ಮಾರ್ಚ್‌ನಲ್ಲಿ ದೋಷಶೋಧನೆಯನ್ನು ಆರಂಭಿಸಿದ ದಿನದಿಂದ ಕ್ನೂತ್ ತಾವು ಮಾಡಿದ ಪ್ರತಿಯೊಂದು ತಿದ್ದುಪಡಿಯನ್ನೂ ದಿನಚರಿಯಂತೆ ಬರೆದಿಟ್ಟರು. 1989ರಲ್ಲಿ ‘ಟೆಕ್‌ನ ದೋಷಗಳು’ ಎಂಬ ಅರ್ಥದ ಶೀರ್ಷಿಕೆಯಲ್ಲಿ ಅವರ ಪ್ರಬಂಧ ಪ್ರಕಟವಾದಾಗ, 850ಕ್ಕೂ ಹೆಚ್ಚು ನಮೂದುಗಳುಳ್ಳ ಆ ಪಟ್ಟಿ ಅನುಬಂಧವಾಗಿ ಅಚ್ಚಾಯಿತು. ನಮೂದುಗಳನ್ನು 15 ವರ್ಗಗಳಲ್ಲಿ ವಿಂಗಡಿಸಲಾಗಿದೆ. ಒಂಬತ್ತು ನಿಜವಾದ ದೋಷಗಳಿಗೆ, ಆರು ಸುಧಾರಣೆಗಳಿಗೆ ಸಂಬಂಧಿಸಿದವು. ಕ್ರಮವಿಧಿಯ ತರ್ಕವೇ ತಪ್ಪಿದ್ದು, ಬರೆಯುವಾಗಿನ ಪ್ರಮಾದ, ಮಾಡಬೇಕಾದುದನ್ನು ಮರೆತದ್ದು, ಭಾಗಗಳ ನಡುವೆ ಹೊಂದಾಣಿಕೆ ತಪ್ಪಿದ್ದು, ನಿರೀಕ್ಷಿಸದ ಸನ್ನಿವೇಶ, ಕೇವಲ ಟಂಕಣದೋಷ - ಹೀಗೆ ಸಾಗುವ ಈ ವರ್ಗೀಕರಣವನ್ನು ಓದುವಾಗ ಗ್ರಂಥಸಂಪಾದನಶಾಸ್ತ್ರದ ಪರಿಚಯವುಳ್ಳವರಿಗೆ ಪಾಠದೋಷಗಳ ವರ್ಗೀಕರಣ ನೆನಪಾಗದೆ ಇರದು. ವ್ಯತ್ಯಾಸವಿಷ್ಟೇ: ಇಲ್ಲಿ ಲಿಪಿಕಾರನೂ ಸಂಪಾದಕನೂ ಒಬ್ಬನೇ.

ದೋಷವನ್ನು ಮರೆಮಾಚದಿರುವ ಈ ಮನೋಧರ್ಮ ತಂತ್ರಾಂಶದ ಒಳರಚನೆಯಲ್ಲಿಯೂ ಕಾಣುತ್ತದೆ. ಒಂದು ಸಾಲು ನಿಗದಿತ ಅಗಲದಲ್ಲಿ ಹಿಡಿಸದಿದ್ದರೆ ಟೆಕ್ ಅದನ್ನು ಸದ್ದಿಲ್ಲದೆ ಹಿಂಡಿ ಕೂಡಿಸುವುದಿಲ್ಲ. ಎಷ್ಟು ಅಳತೆ ಮೀರಿದೆಯೆಂಬುದನ್ನು ವರದಿಯಲ್ಲಿ ಬರೆಯುತ್ತದೆ, ಮೂಲ ರೂಪದಲ್ಲಿಯಾದರೆ ಆ ಸಾಲಿನ ಪಕ್ಕದಲ್ಲಿ ಕಪ್ಪು ಪಟ್ಟಿಯೊಂದನ್ನೂ ಮುದ್ರಿಸುತ್ತದೆ. ಅಳತೆಯಲ್ಲಿಯೂ ಇದೇ ನಿಷ್ಠೆ ಇದೆ. ಮುದ್ರಣದ ಒಂದು ಪಾಯಿಂಟನ್ನು 65,536 ಭಾಗ ಮಾಡಿ, ಪೂರ್ಣಾಂಕಗಳಲ್ಲಿಯೇ ಲೆಕ್ಕ ಹಾಕುವುದರಿಂದ, ಅದೇ ಮೂಲಕಡತ ಮತ್ತು ಅದೇ ಫಾಂಟುಗಳಿದ್ದರೆ ಯಾವ ಯಂತ್ರದಲ್ಲಾದರೂ ಸಾಲುಗಳು ಒಂದೇ ಸ್ಥಾನದಲ್ಲಿ ಮುರಿಯುತ್ತವೆ. ತಂತ್ರಾಂಶದ ಮೂಲೆಮೂಲೆಗಳನ್ನು ಕೆದಕುವ ಪರೀಕ್ಷಾ ಕಡತವೊಂದನ್ನು ಕ್ನೂತ್ ರಚಿಸಿದರು. ಅದರಲ್ಲಿ ತೇರ್ಗಡೆಯಾಗದ ರೂಪಾಂತರ ಟೆಕ್ ಎಂಬ ಹೆಸರನ್ನು ಧರಿಸುವಂತಿಲ್ಲ. 1986ರಲ್ಲಿ ಪ್ರಕಟವಾದ ಐದು ಸಂಪುಟಗಳ ಪೈಕಿ ಒಂದರಲ್ಲಿ ಇಡೀ ಕ್ರಮವಿಧಿ ವ್ಯಾಖ್ಯಾನಸಹಿತವಾಗಿ ಅಚ್ಚಾಗಿದೆ. ಅದರಲ್ಲಿ ದೋಷ ಹುಡುಕಿಕೊಟ್ಟವರಿಗೆ ಕೊಡುವ ಬಹುಮಾನವನ್ನು ವರ್ಷವರ್ಷವೂ ಇಮ್ಮಡಿಗೊಳಿಸಿ, ಕೊನೆಗೆ 327.68 ಡಾಲರಿಗೆ ನಿಲ್ಲಿಸಲಾಯಿತು.

1990ರಲ್ಲಿ ಮೂರನೆಯ ರೂಪ ಹೊರಬಂತು. ಅದುವರೆಗೆ 128 ಸಂಕೇತಗಳನ್ನಷ್ಟೇ ಸ್ವೀಕರಿಸುತ್ತಿದ್ದ ತಂತ್ರಾಂಶ, ಯುರೋಪಿನ ಭಾಷೆಗಳ ಬಳಕೆದಾರರ ಒತ್ತಾಯದಿಂದ 256 ಸಂಕೇತಗಳನ್ನು ಒಪ್ಪಿಕೊಂಡಿತು. ಇನ್ನು ಹೊಸ ಸೌಲಭ್ಯಗಳನ್ನು ಸೇರಿಸುವುದಿಲ್ಲ, ದೋಷಗಳನ್ನಷ್ಟೇ ತಿದ್ದುವೆನೆಂದು ಕ್ನೂತ್ ಆಗ ಘೋಷಿಸಿದರು. ಪ್ರತಿ ಪರಿಷ್ಕರಣಕ್ಕೂ ರೂಪಸಂಖ್ಯೆಗೆ ಪೈನ ಒಂದೊಂದು ಅಂಕ ಸೇರುತ್ತದೆ. 2021ರ ಪರಿಷ್ಕರಣದ ಸಂಖ್ಯೆ 3.141592653. ತಮ್ಮ ನಿಧನಾನಂತರ ಸಂಖ್ಯೆಯು ಪೈ ಎಂದೇ ನಿಲ್ಲಬೇಕು, ಉಳಿದ ದೋಷಗಳನ್ನು ತಂತ್ರಾಂಶದ ಲಕ್ಷಣಗಳೆಂದೇ ತಿಳಿಯಬೇಕು ಎಂಬುದು ಅವರ ಸೂಚನೆ. ಇದು ವಿನೋದದಂತೆ ತೋರಿದರೂ ಇದರ ಹಿಂದಿನ ವಿಚಾರ ಗಂಭೀರವಾದುದು: ಇಂದು ಬರೆದ ಶಾಸ್ತ್ರಗ್ರಂಥದ ಕಡತ ನೂರು ವರ್ಷಗಳ ನಂತರವೂ ಇದೇ ಪುಟಗಳನ್ನು ಕೊಡಬೇಕು.

4

ಇನ್ನು ಕನ್ನಡದ ಅನುಭವಕ್ಕೆ ಬರಬಹುದು. 1985ರಲ್ಲಿ ಪೇಜ್‌ಮೇಕರ್ ತಂತ್ರಾಂಶವೂ ಲೇಸರ್ ಮುದ್ರಕವೂ ಜೊತೆಗೂಡಿ ಡಿ.ಟಿ.ಪಿ. ಎಂಬ ವ್ಯವಸಾಯವನ್ನೇ ಸೃಷ್ಟಿಸಿದವು. ಈ ಸಲಕರಣೆಗಳು ರೋಮನ್ ಲಿಪಿಗಾಗಿ ರೂಪುಗೊಂಡವು. ಒಂದು ಫಾಂಟಿನಲ್ಲಿ ಇದ್ದ ಸ್ಥಾನಗಳು 256. ಅವುಗಳಲ್ಲಿಯೂ ಕೆಲವು ಬಳಕೆಗೆ ಒದಗುತ್ತಿರಲಿಲ್ಲ. ಕಾಗುಣಿತ ಮತ್ತು ಒತ್ತಕ್ಷರಗಳ ಸಂಯೋಜನೆಗಳು ಸಾವಿರಾರು ಇರುವ ಕನ್ನಡವನ್ನು ಅಷ್ಟರೊಳಗೆ ಅಡಕಗೊಳಿಸಲು ಅಕ್ಷರಗಳನ್ನು ತುಂಡುಗಳಾಗಿ ಒಡೆಯಬೇಕಾಯಿತು. ಗುಡಿಸು, ಕೊಂಬು, ಏತ್ವ, ಒತ್ತುಗಳಿಗೆ ಎ, ಬಿ, ಸಿ ಮೊದಲಾದ ಇಂಗ್ಲಿಷ್ ಅಕ್ಷರಗಳ ಅಥವಾ ಚಿಹ್ನೆಗಳ ಸಂಕೇತಗಳನ್ನೇ ಕೊಡಲಾಯಿತು. ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ರಾಷ್ಟ್ರೀಯ ಸಂಕೇತಮಾನ 1991ರಲ್ಲಿ ಪರಿಷ್ಕೃತವಾಗಿ ಜಾರಿಯಲ್ಲಿದ್ದರೂ, ಡಿ.ಟಿ.ಪಿ. ಪುಟಗಳಲ್ಲಿ ಉಳಿಯುತ್ತಿದ್ದುದು ಆಯಾ ಕಂಪನಿಯ ಫಾಂಟಿನ ಸಂಕೇತಗಳೇ. ಪರದೆಯ ಮೇಲೆ ಕಾಣುತ್ತಿದ್ದುದು ಕನ್ನಡ. ಕಡತದೊಳಗೆ ಇದ್ದುದು ಕನ್ನಡವಲ್ಲ.

ಇದರಿಂದ ಹುಟ್ಟಿದ ದೋಷಗಳನ್ನು ಆ ಕಾಲದಲ್ಲಿ ಕರಡು ತಿದ್ದಿದವರೆಲ್ಲರೂ ಕಂಡಿದ್ದಾರೆ. ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ತಾನೇ ಬದಲಿಸುವ ಸೌಲಭ್ಯ ಜಾರಿಯಲ್ಲಿದ್ದರೆ, ಆ ಸಂಕೇತದಲ್ಲಿ ಕುಳಿತಿದ್ದ ಕನ್ನಡದ ತುಂಡು ಮತ್ತೊಂದಾಗಿ ಮಾರ್ಪಡುತ್ತಿತ್ತು. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡಕ್ಷರವಾಗಿಸುವ ಸೌಲಭ್ಯವೂ ಹೀಗೆಯೇ. ತಂತ್ರಾಂಶವು ಪಠ್ಯವನ್ನು ಇಂಗ್ಲಿಷ್ ಎಂದೇ ತಿಳಿದು ಪದಗಳನ್ನು ಮುರಿದಾಗ, ಅಕ್ಷರ ಒಂದು ಸಾಲಿನ ಕೊನೆಯಲ್ಲಿಯೂ ಅದರ ಒತ್ತು ಮುಂದಿನ ಸಾಲಿನ ಆರಂಭದಲ್ಲಿಯೂ ಬೀಳುತ್ತಿತ್ತು. ವಿಜ್ಞಾನಲೇಖನಗಳ ಪಾಡು ಇನ್ನೂ ಕಷ್ಟದ್ದು. ಇಡೀ ಪರಿಚ್ಛೇದಕ್ಕೆ ಕನ್ನಡ ಫಾಂಟನ್ನು ಹಚ್ಚಿದರೆ, ನಡುವೆ ರೋಮನ್ ಅಕ್ಷರಗಳಲ್ಲಿದ್ದ ನೀರಿನ ರಾಸಾಯನಿಕ ಸೂತ್ರವೂ ಅರ್ಥವಿಲ್ಲದ ಕನ್ನಡ ತುಂಡುಗಳ ಸಾಲಾಗುತ್ತಿತ್ತು.

ಇವುಗಳಿಗೆ ಪರಿಹಾರಗಳಿರಲಿಲ್ಲವೆಂದಲ್ಲ. ಯಾವ ಸೌಲಭ್ಯವನ್ನು ನಿಲ್ಲಿಸಬೇಕು, ಯಾವ ಸಂಕೇತವನ್ನು ಬಿಟ್ಟು ಹೋಗಬೇಕು, ಸೂತ್ರಗಳಿಗೆ ಪ್ರತ್ಯೇಕ ಶೈಲಿಯನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದು ನುರಿತ ಅಕ್ಷರಜೋಡಣೆಗಾರರಿಗೆ ತಿಳಿದಿತ್ತು. ಆದರೆ ಈ ತಿಳಿವಳಿಕೆ ಬಾಯಿಂದ ಬಾಯಿಗೆ ಸಾಗಿತೇ ಹೊರತು ಬರಹಕ್ಕೆ ಇಳಿದುದು ಕಡಿಮೆ. ಕರ್ನಾಟಕದ ಹೊರಗೆ, ಊರಿಗೊಬ್ಬರೋ ಇಬ್ಬರೋ ಕನ್ನಡ ಅಕ್ಷರಜೋಡಣೆಗಾರರನ್ನು ನೆಚ್ಚಿಕೊಂಡಿದ್ದ ಸಂಸ್ಥೆಗಳಿಗೆ ಇದರ ಬಿಸಿ ಹೆಚ್ಚಾಗಿ ತಟ್ಟಿತು. ಆ ವ್ಯಕ್ತಿ ಕೆಲಸ ಬಿಟ್ಟರೆ ಆ ವಿದ್ಯೆಯೂ ಅವರೊಡನೆ ಹೋಗುತ್ತಿತ್ತು. ಈ ಲೇಖಕನು ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಹೊರನಾಡಿನ ಮುದ್ರಣಾಲಯವೊಂದರಲ್ಲಿ ಸಿದ್ಧಪಡಿಸಿದ್ದ ಲೇಖನದ ಕಡತವನ್ನು ಈಚೆಗೆ ತೆರೆದಾಗ ಕಂಡದ್ದು ರೋಮನ್ ಅಕ್ಷರಗಳ ರಾಶಿ. ಬಳಸಿದ ಫಾಂಟ್ ಯಾವುದೆಂದು ಎಲ್ಲಿಯೂ ಬರೆದಿರಲಿಲ್ಲ. ಊಹೆಯಿಂದ ಪರಿವರ್ತಿಸಿದಾಗ ಕನ್ನಡ ಭಾಗ ಬಹುಮಟ್ಟಿಗೆ ಮರಳಿತು; ಆದರೆ ಪರಿವರ್ತಕವು ಇಂಗ್ಲಿಷ್ ಗ್ರಂಥನಾಮಗಳನ್ನೂ ಕನ್ನಡವೆಂದೇ ಭಾವಿಸಿದುದರಿಂದ ಅಡಿಟಿಪ್ಪಣಿಗಳೆಲ್ಲ ಕೆಟ್ಟುಹೋದವು. ಅಚ್ಚಾದ ಪ್ರತಿಯೊಂದು ಉಳಿದಿದ್ದರಿಂದ ಅವುಗಳನ್ನು ಮತ್ತೆ ಟಂಕಿಸಲು ಸಾಧ್ಯವಾಯಿತು.

5

1991ರಲ್ಲಿ ಪ್ರಕಟವಾದ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಆದ ಸಂಕೇತಗಳು ದೊರೆತವು. ಅದು ವಾಡಿಕೆಗೆ ಬರಲು ವರ್ಷಗಳೇ ಹಿಡಿದವು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಫಾಂಟ್ ಬಂತು. 2004ರಲ್ಲಿ ಜೊನಾಥನ್ ಕ್ಯೂ ಅವರ ಜೀಟೆಕ್, ಟೆಕ್ ಪರಂಪರೆಯನ್ನು ಯೂನಿಕೋಡಿಗೆ ಬೆಸೆಯಿತು. ಇನ್‌ಡಿಸೈನ್ ತಂತ್ರಾಂಶದಲ್ಲಿ ಕನ್ನಡದ ಜೋಡಣೆಗೆ ಅಧಿಕೃತ ಬೆಂಬಲ ದೊರೆತದ್ದು 2012ರಲ್ಲಿ. ಲಿಯಾಂಗ್ 1983ರಲ್ಲಿ ತಮ್ಮ ಪ್ರೌಢಪ್ರಬಂಧದಲ್ಲಿ ನಿರೂಪಿಸಿದ ಪದವಿಭಜನೆಯ ವಿಧಾನವನ್ನೇ ಅನುಸರಿಸಿದ ಕನ್ನಡದ ವಿನ್ಯಾಸಗಳೂ ಇಂದು ಲಭ್ಯವಿವೆ.

ಯೂನಿಕೋಡಿನಲ್ಲಿಯೂ ದೋಷಗಳಿವೆ. ‘ಸೂರ್ಯ’ ಎಂಬಲ್ಲಿನ ಅರ್ಕಾವತ್ತನ್ನೂ ‘ರ‍್ಯಾಂಕ್’ ಎಂಬಲ್ಲಿನ ಯಕಾರದ ಒತ್ತನ್ನೂ ಬೇರ್ಪಡಿಸಲು ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಬೇಕು. ಅದನ್ನು ರಕಾರಕ್ಕೂ ವಿರಾಮಚಿಹ್ನೆಗೂ ನಡುವೆ ಇಡುವುದು ಇಂದಿನ ನಿಯಮ. ವಿರಾಮದ ನಂತರ ಇಟ್ಟಿರುವ ಹಳೆಯ ಕಡತಗಳೂ ಇವೆ. ಓದುವವರಿಗೆ ಎರಡೂ ಒಂದೇ ಆಗಿ ಕಂಡರೂ, ಹುಡುಕುವ ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು.

ಎರಡನೆಯ ಉದಾಹರಣೆ ಹಳಗನ್ನಡದ ಅಭ್ಯಾಸಿಗಳಿಗೆ ಇನ್ನೂ ಹತ್ತಿರದ್ದು. ‘ಪೞಗನ್ನಡ’ ಎಂಬ ಮಾತಿನಲ್ಲಿರುವ, ಕೇಶಿರಾಜನು ರಳವೆಂದು ಚರ್ಚಿಸಿರುವ ಅಕ್ಷರಕ್ಕೆ ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೆ ಅದರ ಇಂಗ್ಲಿಷ್ ಹೆಸರನ್ನು ತಪ್ಪಾಗಿ ‘ಕನ್ನಡ ಅಕ್ಷರ ಫ’ ಎಂಬಂತೆ ನಮೂದಿಸಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ಸ್ಥಿರತಾನಿಯಮ. ಆದುದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಅದು ತಪ್ಪೆಂದು ಒಪ್ಪಿಕೊಂಡು, ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯನಾಮವಾಗಿ ಪಟ್ಟಿ ಮಾಡಲಾಗಿದೆ. ಪರಂಪರೆಯ ಪಾಠವನ್ನು ಮುಟ್ಟದೆ ಅಡಿಯಲ್ಲಿ ಸಾಧುಪಾಠವನ್ನು ಸೂಚಿಸುವ ಸಂಪಾದಕನ ಕ್ರಮಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಕ್ನೂತ್ ಅವರ ದಿನಚರಿಯೂ ಯೂನಿಕೋಡಿನ ಈ ಪಟ್ಟಿಯೂ ಸಾರುವುದು ಒಂದೇ ಮಾತು: ಬರೆದಿಟ್ಟ ತಪ್ಪಿನಿಂದ ಪಾರಾಗಬಹುದು, ಬರೆದಿಡದ ತಪ್ಪಿನಿಂದ ಪಾರಾಗುವುದು ಕಷ್ಟ.

6

ಕನ್ನಡ ಡಿ.ಟಿ.ಪಿ.ಯ ಮೊದಲ ಎರಡು ದಶಕಗಳ ವಿದ್ವತ್ ಬರಹ ಹಳೆಯ ತಟ್ಟೆಗಳಲ್ಲಿಯೂ ಕಡತಗಳಲ್ಲಿಯೂ ಇನ್ನೂ ಉಳಿದಿದೆ. ಅದನ್ನು ಓದಬಲ್ಲ ಅಕ್ಷರಜೋಡಣೆಗಾರರಲ್ಲಿ ಹಲವರು ವೃತ್ತಿಯಿಂದ ನಿವೃತ್ತರಾಗಿದ್ದಾರೆ. ಅವರ ನೆನಪಿನಲ್ಲಿರುವುದನ್ನು ಕೇಳಿ ಬರೆದುಕೊಳ್ಳುವುದು ಓಲೆಪ್ರತಿಗಳ ಸಂಗ್ರಹದಷ್ಟೇ ತುರ್ತಿನ ಕೆಲಸ. ಹೊರನಾಡಿನ ಕನ್ನಡ ಪೀಠಗಳು ಇದನ್ನು ತಮ್ಮ ಕಪಾಟುಗಳಿಂದಲೇ ಆರಂಭಿಸಬಹುದು. ಪ್ರತಿಯೊಂದು ಕಡತದ ಜೊತೆಗೂ ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಫಾಂಟಿನ ಹೆಸರು, ಪರಿವರ್ತಿಸಿದ ದಿನಾಂಕ, ಪರಿವರ್ತನೆಯಲ್ಲಿ ಕೆಟ್ಟ ಅಕ್ಷರಗಳು, ಮೂಲ ಮುದ್ರಿತ ಪ್ರತಿ ಇರುವ ಸ್ಥಳ - ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಡುವುದು ಸಾಕು. ಪರಿವರ್ತಿತ ಪಠ್ಯ ಸಿದ್ಧವಾದ ಮೇಲೂ ಮೂಲ ಕಡತವನ್ನು ಅಳಿಸಬಾರದು. ಮುಂದೆ ಇದಕ್ಕಿಂತ ಉತ್ತಮ ಪರಿವರ್ತಕ ದೊರೆತಾಗ ಮೊರೆಹೋಗಬೇಕಾದುದು ಅದನ್ನೇ.