ಒಪ್ಪು, ಒಪ್ಪಿಕೋ, ಒಪ್ಪಿಗೆ

ಹೆಣ್ಣು ನೋಡಿಕೊಂಡು ಬಂದವರನ್ನು ನೆಂಟರು ಮೊದಲು ಕೇಳುವುದು, ‘ಹುಡುಗಿ ಒಪ್ಪಿಗೆ ಆದ್ಲಾ?’ ಮಕ್ಕಳು ಮಗ್ಗಿ ಒಪ್ಪಿಸುತ್ತಾರೆ. ಧಾರೆಯಾದ ಮೇಲೆ ಮಗಳನ್ನು ಒಪ್ಪಿಸಿಕೊಡುತ್ತಾರೆ. ಸಿಕ್ಕಿಬಿದ್ದ ಕಳ್ಳ ತಪ್ಪೊಪ್ಪಿಕೊಳ್ಳುತ್ತಾನೆ. ಹಳಗನ್ನಡದಲ್ಲಿ ಒಪ್ಪು ಎಂದರೆ ಚೆಲುವು. ಶಾಸನದ ಕೊನೆಯಲ್ಲಿ ಬರುವ ‘ಒಪ್ಪ’ ಎಂದರೆ ರುಜು. ವಿಜಯನಗರದ ಅರಸರು ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರದಲ್ಲೇ ಒಪ್ಪ ಹಾಕುತ್ತಿದ್ದರು.

ಇಷ್ಟೆಲ್ಲ ಕಡೆ ಸಲೀಸಾಗಿ ಓಡಾಡುವ ಪದ ಒಂದು ಕಡೆ ಮಾತ್ರ ಎಡವುತ್ತದೆ. ಮಗನೊಬ್ಬ ತಾನು ಗೇ ಎಂದು ಮನೆಯಲ್ಲಿ ತಿಳಿಸಿದಾಗ, ‘ಸಲಿಂಗಿ ಎಂದು ಒಪ್ಪಿಕೊಂಡ’ ಎನ್ನುತ್ತಾರೆ. ಆರೋಪ ಹೊತ್ತವನಷ್ಟೇ ಹಾಗೆ ಒಪ್ಪಿಕೊಳ್ಳಬೇಕು. ಆರೋಪವೇನೋ ಇತ್ತು: ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 1860ರ ದಂಡ ಸಂಹಿತೆಯ 377ನೇ ಸೆಕ್ಷನ್. 2009ರಲ್ಲಿ ದೆಹಲಿ ಹೈಕೋರ್ಟ್ ಅದರ ಹಲ್ಲು ಕಿತ್ತಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮತ್ತೆ ಜೀವ ಕೊಟ್ಟಿತು. ವಯಸ್ಕರು ಪರಸ್ಪರ ಒಪ್ಪಿ ಕೂಡುವುದು ಅಪರಾಧವಲ್ಲ ಎಂದು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಆ ತೀರ್ಪಿನ ಜೀವಾಳವೇ ಒಪ್ಪಿಗೆ.

ಮಗನ ಪಾಲಿನ ಕೆಲಸಕ್ಕೆ ಕನ್ನಡದಲ್ಲಿ ಇನ್ನೂ ಸರಿಯಾದ ಮಾತಿದೆ: ಹೇಳಿಕೊಳ್ಳುವುದು. ಕಷ್ಟಸುಖವನ್ನು ನಂಬಿದವರ ಹತ್ತಿರ ಮಾತ್ರ ಹೇಳಿಕೊಳ್ಳುತ್ತಾರೆ. ಸಂಡೂರಿನ ವಸುಧೇಂದ್ರ 2013ರಲ್ಲಿ ಗೇ ಯುವಕನೊಬ್ಬನ ಬದುಕಿನ ‘ಮೋಹನಸ್ವಾಮಿ’ ಕಥೆಗಳನ್ನು ಪ್ರಕಟಿಸಿ, ತಮ್ಮ ಬಗ್ಗೆಯೂ ಎಲ್ಲರೆದುರು ಮಾತಾಡಿದ ಮೇಲೆ, ಎಷ್ಟೋ ಓದುಗರು ಅವರಲ್ಲಿ ತಮ್ಮ ಗುಟ್ಟು ಹೇಳಿಕೊಂಡರು. ಮನೆಯಲ್ಲಿ ಬಾಯಿ ಬಿಡಲಾಗದ್ದನ್ನು ಒಬ್ಬ ಲೇಖಕನ ಮುಂದೆ ಬಿಚ್ಚಿಡಬೇಕಾಯಿತೆಂದರೆ, ಆ ಮನೆಗಳು ಎಷ್ಟು ಇಕ್ಕಟ್ಟಾಗಿದ್ದವೆಂದು ಊಹಿಸಬಹುದು.

ಒಪ್ಪಿಕೊಳ್ಳಬೇಕಾದವರು ಹೆತ್ತವರು. ಅವರ ಮನಸ್ಸು ಮೊದಲು ಓಡುವುದು ಒಪ್ಪಿನ ಎದುರು ಪದದ ಕಡೆಗೆ: ‘ನಾವೇನು ತಪ್ಪು ಮಾಡಿದ್ವಿ?’ ಆಮೇಲೆ ಜಾತಕ, ಹರಕೆ, ಡಾಕ್ಟರು; ‘ಒಂದು ಮದುವೆ ಮಾಡಿದ್ರೆ ಸರಿಹೋಗ್ತಾನೆ’ ಎನ್ನುವ ಚಿಕ್ಕಪ್ಪಂದಿರು. ಆ ಮದುವೆಯಲ್ಲಿ ಸುಖ ಕಳೆದುಕೊಳ್ಳುವ ಹುಡುಗಿಯ ಒಪ್ಪಿಗೆಯನ್ನು ಯಾರೂ ನಿಜ ಹೇಳಿ ಕೇಳಿರುವುದಿಲ್ಲ. ಸಲಿಂಗಿಯಾಗಿರುವುದು ಕಾಯಿಲೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಹೇಳಿದೆ. ಇದನ್ನು ‘ಬದಲಾಯಿಸುವ’ ಚಿಕಿತ್ಸೆ ಕೊಡುವ ವೈದ್ಯರದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಅಪ್ಪ ಅಮ್ಮನ ಕಣ್ಣೀರಿಗೆ ಹೊತ್ತು ಬೇಕು, ನಿಜ. ಆದರೆ ಆ ಹೊತ್ತಿನಲ್ಲಿ ಮಗ ಒಂಟಿಯಾಗಬಾರದು.

ಮುಂಬೈಯ ಪದ್ಮಾ ಅಯ್ಯರ್ ತಮ್ಮ ಮಗ ಹರೀಶ್‌ಗೆ ಗಂಡು ಹುಡುಕಲು 2015ರ ಮೇ ತಿಂಗಳಲ್ಲಿ ಜಾಹೀರಾತು ಕೊಡಹೊರಟಾಗ ಕೆಲವು ಪತ್ರಿಕೆಗಳು ಒಪ್ಪಲಿಲ್ಲ. ‘ಮಿಡ್ ಡೇ’ ಒಪ್ಪಿತು. ಪ್ರಾಣಿಗಳನ್ನು ಪ್ರೀತಿಸುವ ಸಸ್ಯಾಹಾರಿ ವರ ಬೇಕಿತ್ತು. ಜಾತಿಯ ಅಡ್ಡಿಯಿಲ್ಲ, ಅಯ್ಯರ್ ಆದರೆ ಮೇಲು ಎಂಬ ಸಾಲಿಗೆ ಟೀಕೆಯೂ ಬಂತು. ಆ ಟೀಕೆ ಸರಿಯೇ. ಆದರೂ ಎಲ್ಲ ತಾಯಂದಿರಂತೆ ಮಗನ ಮದುವೆಯ ಚಿಂತೆಗೆ ಬಿದ್ದ ಆ ತಾಯಿಯನ್ನು ಮೆಚ್ಚದಿರಲಾಗದು.

ಆಕೆಗೂ ಮೊದಲೇ, 377ರ ಮೊಕದ್ದಮೆಯಲ್ಲಿ 19 ತಂದೆತಾಯಂದಿರು ಮಕ್ಕಳ ಪರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರು. 2023ರಲ್ಲಿ ‘ಸ್ವೀಕಾರ್’ ಎಂಬ ಪೋಷಕರ ಬಳಗದ 400ಕ್ಕೂ ಹೆಚ್ಚು ಮಂದಿ, ಮಕ್ಕಳ ಮದುವೆಗೆ ಕಾನೂನಿನ ಮಾನ್ಯತೆ ಕೋರಿ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಅಕ್ಟೋಬರ್ 17ರ ತೀರ್ಪು ಆ ಮಾನ್ಯತೆ ಕೊಡಲಿಲ್ಲ. ಜೊತೆಗಾರನನ್ನು ಬ್ಯಾಂಕ್ ಖಾತೆಗೆ ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಮಾತ್ರ ಆಸ್ಪತ್ರೆಯವರು ಇವತ್ತಿಗೂ ‘ಮನೆಯವರು ಯಾರಿದ್ದೀರಿ?’ ಎಂದು ಕೇಳಬಹುದು. ಮಗನ ಜೊತೆಗಾರ ಎದುರಿಗೇ ನಿಂತಿದ್ದರೂ, ಎಪ್ಪತ್ತು ದಾಟಿದ ಅಪ್ಪ ಊರಿಂದ ಬಸ್ಸು ಹಿಡಿದು ಬಂದು ರುಜು ಹಾಕಬೇಕಾದೀತು.