ಮಡಚುವ ಚಾಕುವಿನಲ್ಲಿ ಕಮಾನು, ಬಳೆ, ರಂಧ್ರ

ಮಡಚುವ ಚಾಕುವಿನ ಕಲ್ಪನೆ ರೋಮನರಷ್ಟು ಪ್ರಾಚೀನವಾದುದು. ಆದರೆ ಸಹಸ್ರಗಟ್ಟಲೆ ಏಕರೂಪವಾಗಿ ತಯಾರಾಗಿ ಸಾಮಾನ್ಯನ ಜೇಬಿಗೆ ನಿಲುಕತೊಡಗಿದ ಚಾಕು ಯಂತ್ರಯುಗದ ಕೂಸು. ಇದರ ಚರಿತ್ರೆಯನ್ನು ನಿರೂಪಿಸುವವರು ಬಹುಮಟ್ಟಿಗೆ ಉಪಕರಣಗಳನ್ನು ಎಣಿಸುತ್ತ ಹೋಗಿ, ಆ ಸಂಖ್ಯೆಯ ವೃದ್ಧಿಯನ್ನೇ ಪ್ರಗತಿಯೆಂದು ಭಾವಿಸುವುದುಂಟು. ಇರುವ ಅಂಗದಿಂದಲೇ ಇನ್ನೊಂದು ಕೆಲಸವನ್ನು ತೆಗೆದ ಕೌಶಲವೇ ಇಲ್ಲಿ ನಿಜವಾದ ನಾವೀನ್ಯವೆಂಬುದು ಪ್ರಸ್ತುತ ಲೇಖಕನ ಮತ.

ಸ್ವಿಟ್ಜರ್ಲೆಂಡಿನ ಇಬಾಖ್ ಎಂಬಲ್ಲಿ 1884ರಲ್ಲಿ ಕಾರ್ಯಾಗಾರವನ್ನು ತೆರೆದ ಕಾರ್ಲ್ ಎಲ್ಸೆನರನ ಉದಾಹರಣೆಯನ್ನು ಮೊದಲು ನೋಡಬಹುದು. ಸ್ವಿಸ್ ಸೈನ್ಯವು ತನ್ನ ಹೊಸ ಬಂದೂಕನ್ನು ಬಿಚ್ಚಿ ಜೋಡಿಸಲು ತಿರುಪುಳಿ, ಡಬ್ಬಿ ತೆರೆಯುವ ಕೊಕ್ಕೆ, ದಬ್ಬಳ ಹಾಗೂ ಒಂದು ಅಲಗುಳ್ಳ ಚಾಕುವನ್ನು ಅಪೇಕ್ಷಿಸಿದಾಗ, ಮೊದಲ ಸರಬರಾಜು ಜರ್ಮನಿಯ ಸೋಲಿಂಗೆನ್ ನಗರದಿಂದ ಬಂದಿತು. 1891ರಿಂದ ಆ ಕೆಲಸವನ್ನು ಎಲ್ಸೆನರ್ ವಹಿಸಿಕೊಂಡನು. ಆ ಚಾಕು ಗಟ್ಟಿಯಾದುದು, ಆದರೆ ಭಾರವಾದುದು. ಅಲಗಿನ ಬುಡವನ್ನು ಬೆನ್ನಿನ ಕಮಾನು ಒತ್ತಿ ಹಿಡಿಯುವುದರಿಂದಲೇ ಅದು ತೆರೆದಾಗ ತೆರೆದೂ ಮುಚ್ಚಿದಾಗ ಮುಚ್ಚಿಯೂ ನಿಲ್ಲುವುದು. ಆದಕಾರಣ ಉಪಕರಣಗಳು ಹೆಚ್ಚಿದಂತೆ ಕಮಾನುಗಳೂ ಹೆಚ್ಚಿ, ಹಿಡಿ ದಪ್ಪವಾಗುವುದು ಅನಿವಾರ್ಯವೆಂದು ತೋರುತ್ತಿತ್ತು. 1897ರಲ್ಲಿ ನೋಂದಣಿಯಾದ ಅಧಿಕಾರಿಗಳ ಚಾಕುವಿನಲ್ಲಿ ಎಲ್ಸೆನರನು ಕಮಾನಿನ ಒಂದು ಮುಖಕ್ಕೆ ಅಲಗುಗಳನ್ನೂ, ಮರುಮುಖಕ್ಕೆ ಬಿರಡೆ ತೆಗೆಯುವ ಸುರುಳಿಯೇ ಮೊದಲಾದವನ್ನೂ ಹೊಂದಿಸಿ, ಆರು ಉಪಕರಣಗಳನ್ನು ಎರಡೇ ಕಮಾನುಗಳಲ್ಲಿ ನಿಲ್ಲಿಸಿದನು. ಸೈನ್ಯವು ಇದನ್ನು ಅಧಿಕೃತವಾಗಿ ಹಂಚದಿದ್ದರೂ ಅಧಿಕಾರಿಗಳು ಸ್ವಂತ ಹಣದಿಂದ ಕೊಂಡರು. ಸುರುಳಿಯ ಆಕರ್ಷಣೆಯೂ ಅಲ್ಪವಾಗಿರಲಾರದು! ಮುಂದೆ ಬಂದ ಅನೇಕ ಬಹೂಪಕರಣ ಚಾಕುಗಳು ಈ ಉಭಯಮುಖ ಕಮಾನಿಗೆ ಋಣಿಯಾಗಿವೆ.

ಅಧಿಕಾರಿಗಳ ಚಾಕುವಿಗೆ ಏಳು ವರ್ಷ ಪೂರ್ವದಲ್ಲಿ, ಫ್ರಾನ್ಸಿನ ಸವೋಯ್ ಪರ್ವತಪ್ರಾಂತದಲ್ಲಿ ಜೋಸೆಫ್ ಒಪಿನೆಲ್ ನಿರ್ಮಿಸಿದ ಚಾಕು ಕಮಾನನ್ನೇ ತ್ಯಜಿಸಿತ್ತು. ಸೀಳಿದ ಮರದ ಹಿಡಿ, ಅಲಗು, ಕೀಲು, ಅದನ್ನು ಬಿಗಿಹಿಡಿವ ಲೋಹದ ಪಟ್ಟಿ, ಇಷ್ಟೇ ಅದರ ಸರ್ವಸ್ವ. ಅಲಗನ್ನು ಹಿಡಿದು ನಿಲ್ಲಿಸುತ್ತಿದ್ದುದು ಘರ್ಷಣೆ ಮಾತ್ರ. ರೈತನಿಗೆ ಸಾಕಾಗಿದ್ದ ಈ ಏರ್ಪಾಡಿನಲ್ಲಿ ಬೆರಳಿಗೆ ಅಪಾಯವಿಲ್ಲದಿರಲಿಲ್ಲ. 1955ರಲ್ಲಿ ಮಾರ್ಸೆಲ್ ಒಪಿನೆಲ್ ಆ ಪಟ್ಟಿಯ ಮೇಲೆ ತಿರುಗುವ ಇನ್ನೊಂದು ಸೀಳುಬಳೆಯನ್ನು ತೊಡಿಸಿದನು. ಸೀಳು ಹಿಡಿಯ ಸೀಳಿಗೆ ಸಮನಾದಾಗ ಅಲಗು ಮಡಚುತ್ತದೆ, ತುಸು ತಿರುಗಿಸಿದರೆ ಬಳೆಯ ಅಂಚು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ನಾನು ಕಂಡ ಬೀಗಗಳಲ್ಲಿ ಇದಕ್ಕಿಂತ ಸರಳವಾದುದು ಬೇರೊಂದಿಲ್ಲ.

ಅಮೆರಿಕದ ಕೊಲೊರಾಡೋದಲ್ಲಿ ಸ್ಪೈಡರ್ಕೋ ಸಂಸ್ಥೆಯ ಸಾಲ್ ಗ್ಲೆಸರ್ 1981ರಲ್ಲಿ ಹೊರತಂದ ಚಾಕುವಿನ ಹೊಸತನವು ಪದಾರ್ಥವನ್ನು ತೆಗೆದುಹಾಕಿದುದರಲ್ಲಿದೆ. ಅಲಗಿನಲ್ಲಿ ಕೊರೆದ ವೃತ್ತಾಕಾರದ ರಂಧ್ರದ ಅಂಚಿಗೆ ಹೆಬ್ಬೆರಳನ್ನೊತ್ತಿದರೆ ಒಂದೇ ಕೈಯಿಂದ ಚಾಕು ತೆರೆಯುವುದು. ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ಪು ಅದನ್ನು ಕೈಗೆಟಕುವಂತೆ ಇಡುವುದು. ರಂಧ್ರಕ್ಕೆ ಎಡೆಗೊಡಲು ಅಲಗು ಗೂನುಬೆನ್ನಿನಂತೆ ಉಬ್ಬಬೇಕಾಯಿತು. ರೂಪದೃಷ್ಟಿಯಿಂದ ಅದು ನನಗೆ ಒಪ್ಪಿಗೆಯಾಗದು. ಕ್ಲಿಪ್ಪನ್ನು ಉಳಿದ ತಯಾರಕರೂ ಬೇಗನೆ ಸ್ವೀಕರಿಸಿದರು. ಅಲಗು ತೆರೆಯುವುದಕ್ಕೆ ಮಾತ್ರ ಅವರಲ್ಲಿ ಅನೇಕರು ಅದರ ಪಕ್ಕಕ್ಕೆ ಚಿಕ್ಕ ಗುಬುಟನ್ನು ಬಿಗಿದರು: ಅಲಗಿನ ಆಕೃತಿ ಉಳಿಯಿತು, ಜೋಡಿಸಬೇಕಾದ ಬಿಡಿಭಾಗವೊಂದು ಹೆಚ್ಚಿತು.